ಲಿಂಗಸುಗೂರಿನಿಂದ ರಂಗೂನಿಗೆ ಒಂದು ಅರ್ಜಿ

ದೇಶದ ಗತಿಯೇ ಬದಲಾಗುವ ಮಾತು ಎಲ್ಲರ ಬಾಯಲ್ಲಿರುವ ಈ ದಿನಗಳಲ್ಲಿ, ಕಚೇರಿಯ ಎದುರು ಕುಳಿತು ಅರ್ಜಿ ಬರೆಯುವ ಒಬ್ಬ ಮುದುಕರ ಸಂಗತಿಯನ್ನು ಓದುಗರ ಮುಂದಿಡುವುದು ಅಧಿಕಪ್ರಸಂಗವೆಂದು ಕಂಡರೆ ಮೊದಲೇ ಕ್ಷಮೆ ಕೋರಬೇಕು. ರಾತ್ರಿ ಶಾಲೆಯಲ್ಲಿ ಕಲಿತ ಕನ್ನಡಕ್ಕೆ ಇಂಥ ಕೆಲಸ ಒಪ್ಪಿಸಬಹುದೇ ಎಂಬ ಅಳುಕೂ ಇದೆ. ಹೊರದೇಶದ ಕಾಯಿದೆಯ ಮಾತು ಬಂದಲ್ಲಿ ತಪ್ಪುಗಳಿರಬಹುದು. ಇಲ್ಲಿರುವುದು ಆ ಮುದುಕರು ತಿಳಿದುಕೊಂಡಂತೆ, ತಿಳಿಸಿದಂತೆ. ಬಲ್ಲವರು ತಿದ್ದಿಕೊಳ್ಳಬೇಕು. ಇಷ್ಟಾದರೂ ಬರೆಯಲು ಕಾರಣ ಒಂದೇ. ಸಿಂಧನೂರು, ಲಿಂಗಸುಗೂರು, ಮಸ್ಕಿಯ ಕಡೆಯಿಂದ ಬರ್ಮಾಕ್ಕೆ ಹೋದವರ ಹೆಸರು ಅವರವರ ಊರಿಗೆಲ್ಲ ಗೊತ್ತು. ಅವರನ್ನು ಕಾಗದದ ಮೇಲೆ ಕಡಲು ದಾಟಿಸುವವರ ಹೆಸರು ಪಕ್ಕದ ಓಣಿಗೂ ಗೊತ್ತಿಲ್ಲ.

ಕೋಳಿ ಕೂಗಿ ಹೊತ್ತಾಗಿದೆ, ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಶ್ರಾವಣದ ಮೋಡ ಹನಿ ಉದುರಿಸದೆ ಲಿಂಗಸುಗೂರಿನ ಮೇಲೆ ತೆವಳುತ್ತಿದೆ. ದೊಡ್ಡ ಕಚೇರಿಯ ಎದುರಿಗೆ, ಬಾಗಿಲು ಹಾಕಿದ ಅರಿವೆ ಅಂಗಡಿಯ ಕಟ್ಟೆಯ ಮೇಲೆ ಆದೆಪ್ಪನವರು ಚಾಪೆ ಹಾಸುತ್ತಿದ್ದಾರೆ. ತಗಡಿನ ಪೆಟ್ಟಿಗೆ ತೆರೆದು ಮಸಿಯ ದೌತಿ ಹೊರಗಿಡುತ್ತಾರೆ. ಉರ್ದುವಿಗೆ ಬಿದಿರಿನ ಲೆಕ್ಕಣಿಕೆ, ಇಂಗ್ಲಿಷಿಗೆ ಉಕ್ಕಿನ ಟಾಕು. ಆಮೇಲೆ ಒಂದು ಪಾಟಿ ತೆಗೆದು ಒದ್ದೆ ಅರಿವೆಯಿಂದ ಒರೆಸಿ, ಮೇಲೆ ನಮ್ಮ ಹೈದರಾಬಾದ್ ರಾಜ್ಯದ ಲೆಕ್ಕದಂತೆ ಮೆಹರ್ ತಿಂಗಳ ಫಸಲಿ ತಾರೀಖು, ಕೆಳಗೆ ಆಗಸ್ಟ್ ತಿಂಗಳ ಇಂಗ್ಲಿಷ್ ತಾರೀಖು ಬರೆದು ಗೋಡೆಗೆ ಒರಗಿಸುತ್ತಾರೆ. ಕಣ್ಣು ಮಂಜಾಗಿರುವುದರಿಂದ ಇಂಗ್ಲಿಷ್ ಕೆಲಸವನ್ನೆಲ್ಲ ಈ ಎಳೆಯ ಬೆಳಕಿನಲ್ಲೇ ಮುಗಿಸಬೇಕು. ಬಿಸಿಲು ಏರಿ ಬಿಳಿಯ ಕಾಗದ ಹೊಳೆಯತೊಡಗಿದರೆ ಅಕ್ಷರಗಳು ಇರುವೆಗಳಂತೆ ಹರಿದಾಡುತ್ತವೆ ಎನ್ನುತ್ತಾರೆ.

ಇವತ್ತಿನ ಮೊದಲ ಗಿರಾಕಿ ಪಾಮನಕಲ್ಲೂರಿನ ಅಂಬಪ್ಪ. ನಿನ್ನೆ ಸಂಜೆಯೇ ಬಂದು ಮುಸಾಫಿರಖಾನೆಯಲ್ಲಿ ಮಲಗಿ ಎದ್ದಿದ್ದಾರೆ. ಅವರ ಕಾಕಾ ಬರ್ಮಾದ ಒಂದು ಊರಿನಲ್ಲಿ ಮರ ಕೊಯ್ಯುವ ಕೆಲಸದಲ್ಲಿದ್ದಾರೆ. ಹೋಗಿ ನೋಡಿ ಬರಬೇಕು. ಅರ್ಜಿಯ ಮೂರನೆಯ ಸಾಲಿನಲ್ಲೇ ಹುಟ್ಟಿದ ತಾರೀಖು ಕೇಳಿದ್ದಾರೆ. ಅಂಬಪ್ಪನಿಗೆ ಅದು ಗೊತ್ತಿಲ್ಲ. ಇಲ್ಲಿ ಬಂದು ಕೂರುವ ಯಾರಿಗೂ ಗೊತ್ತಿರುವುದಿಲ್ಲ. ಆದೆಪ್ಪನವರು ಟಾಕು ಕೆಳಗಿಟ್ಟು, ಎಲ್ಲರಿಗೂ ಕೇಳುವ ಪ್ರಶ್ನೆಯನ್ನೇ ಕೇಳುತ್ತಾರೆ.

“ನೀ ಹುಟ್ಟಿದಾಗ ಹೊಲದಾಗ ಏನಿತ್ತು?”

ಅಂಬಪ್ಪ ಅವ್ವನಿಂದ ಕೇಳಿದ್ದನ್ನು ಹೇಳುತ್ತಾರೆ. “ಜ್ವಾಳದ ಹಸಿ ತೆನಿ ಸುಟ್ಟು ತಿನ್ನೋ ಸೀತನಿಗೆ ಬಂದಿತ್ತಂತ್ರೀ. ನಮ್ಮವ್ವ ಸೀತನಿ ಜಾಸ್ತಿ ತಿಂದು ಹೊಟ್ಟಿನೋವು ಬಂದೈತಿ ಅಂದ್ಕೊಂಡಿದ್ದಳಂತ. ನೋಡಿದ್ರ ನಾನು.”

ಆದೆಪ್ಪನವರು ನಗುವುದಿಲ್ಲ. ನಕ್ಕರೆ ಲೆಕ್ಕ ತಪ್ಪುತ್ತದೆ. ದೊಡ್ಡ ಜ್ವರಕ್ಕೆ ಊರಿಗೆ ಊರೇ ಮಲಗಿತಲ್ಲ, ಅದಕ್ಕೆ ಮುಂಚೆಯೋ ಆಮೇಲೋ ಎಂದು ಕೇಳುತ್ತಾರೆ. ಒಂದು ವರ್ಷ ಮುಂಚೆ ಎಂಬ ಉತ್ತರ ಬರುತ್ತದೆ. ಪೆಟ್ಟಿಗೆಯಿಂದ ಒಂದು ಉದ್ದನೆಯ ವಹಿ ತೆಗೆದು ಬೆರಳಿನಿಂದ ಸಾಲು ಹಿಡಿಯುತ್ತಾರೆ. ಫಸಲಿ ಹದಿಮೂರುನೂರ ಇಪ್ಪತ್ತೇಳು, ಇಸ್ಫಂದಾರ್ ತಿಂಗಳು. ಇಂಗ್ಲಿಷಿನಲ್ಲಿ ಹತ್ತೊಂಬತ್ತುನೂರ ಹದಿನೆಂಟು, ಜನವರಿ. ಇಪ್ಪತ್ತೊಂಬತ್ತು ವರ್ಷದ ಅಂಬಪ್ಪನಿಗೆ ಹೀಗೆ ಮೊದಲ ಬಾರಿಗೆ ಹುಟ್ಟುಹಬ್ಬವೊಂದು ಸಿಗುತ್ತದೆ. ಅವರು ಅದನ್ನು ಎರಡು ಸಲ ಹೇಳಿಸಿಕೊಂಡು ಬಾಯಿಪಾಠ ಮಾಡುತ್ತಾರೆ.

ಆ ವಹಿಯನ್ನು ಆದೆಪ್ಪನವರೇ ಕಟ್ಟಿದ್ದು. ಎಡಗಡೆ ಫಸಲಿ ವರ್ಷ, ಬಲಗಡೆ ಇಂಗ್ಲಿಷ್ ವರ್ಷ, ನಡುವೆ ಆ ವರ್ಷ ಈ ಸೀಮೆಯಲ್ಲಿ ಏನಾಯಿತು ಎಂಬುದು. ದೊಡ್ಡ ಬರ, ಪ್ಲೇಗು, ಹೊಳೆ ಏರಿ ಮುಕ್ಕುಂದದ ಅಗಸೆಬಾಗಿಲಿಗೆ ನೀರು ಬಂದದ್ದು, ಮಿಡತೆ, ಮಸ್ಕಿಯ ಗುಡ್ಡದ ಬಂಡೆಯ ಮೇಲೆ ಹಳೇ ಅಕ್ಷರ ಸಿಕ್ಕು ಸಾಹೇಬರು ನೋಡಲು ಬಂದದ್ದು, ಸಿಂಧನೂರಿಗೆ ಮೊದಲ ಮೋಟಾರು ಬಂದದ್ದು. ಅರವತ್ತು ವರ್ಷಗಳ ಪಟ್ಟಿ. ಮುದುಕ ಮುದುಕಿಯರನ್ನು ಕೇಳಿ ಕೇಳಿ, ಒಬ್ಬರ ಮಾತನ್ನು ಇನ್ನೊಬ್ಬರ ಮಾತಿಗೆ ತಾಳೆ ಹಾಕಿ ಬರೆದದ್ದು. ಯಾವ ಕಚೇರಿಯಲ್ಲೂ ಇಂಥ ವಹಿ ಇಲ್ಲ. ಯಾವ ಕಚೇರಿಯೂ ಇದನ್ನು ಕೇಳಿಲ್ಲ.

ಆದೆಪ್ಪನವರು ಹುಟ್ಟಿದ್ದು ಸಂತೆಕಲ್ಲೂರಿನಲ್ಲಿ. ತಂದೆ ಗಾಡಿ ಹೊಡೆಯುತ್ತಿದ್ದರು. ಮಸ್ಕಿಯ ಮೌಲ್ವಿಯೊಬ್ಬರ ಕಟ್ಟಿಗೆ ಹೊತ್ತು ಹಾಕಿದ್ದಕ್ಕೆ ಬದಲಾಗಿ ಉರ್ದು ಅಕ್ಷರ ಕಲಿತರು. ಇಂಗ್ಲಿಷ್ ಕಲಿಸಿದವರು ಲಿಂಗಸುಗೂರಿನಲ್ಲಿ ದಂಡು ಇದ್ದ ಹಳೇ ಛಾವಣಿಯಲ್ಲಿ ಇಂಗ್ಲಿಷ್ ದೊರೆಗಳಿಗೆ ಅಡುಗೆ ಮಾಡಿಕೊಂಡಿದ್ದ ಒಬ್ಬ ಮುದುಕ. ಹಾಗಾಗಿ ಮೊದಮೊದಲು ಅವರಿಗೆ ಬರುತ್ತಿದ್ದದ್ದು ಕೋಳಿ, ಮೊಟ್ಟೆ, ಬಿಸಿನೀರಿನ ಇಂಗ್ಲಿಷ್ ಮಾತ್ರ. ಉಳಿದದ್ದನ್ನು ಒಂದು ಹರಕು ಪುಸ್ತಕದಿಂದ, ಒಂದೊಂದೇ ಅಕ್ಷರ ನೋಡಿ ಬಿಡಿಸಿ, ನಲವತ್ತನೆಯ ವಯಸ್ಸಿನಲ್ಲಿ ಕಲಿತರು. ಈಗ ಐವತ್ತೆಂಟು. ಈ ಕಟ್ಟೆಯ ಮೇಲೆ ಮೂವತ್ತನಾಲ್ಕು ವರ್ಷವಾಗಿದೆ.

ದಿನಕ್ಕೆ ಹತ್ತು ಹನ್ನೆರಡು ಅರ್ಜಿ. ಬದುವಿನ ಜಗಳ, ಕಳೆದ ಎಮ್ಮೆ, ಬಾವಿಯ ಪಾಲು, ಪಟ್ಟಾ ಬದಲಾವಣೆ. ಅವೆಲ್ಲ ಉರ್ದುವಿನಲ್ಲಿ ನಡೆಯುತ್ತವೆ, ಕಣ್ಣು ಮುಚ್ಚಿಕೊಂಡೂ ಬರೆಯಬಲ್ಲರು. ಹೊತ್ತು ಹಿಡಿಯುವುದು ರಂಗೂನಿನ ಕಾಗದ. ಯುದ್ಧಕ್ಕೆ ಮೊದಲು ಒಂದಿಷ್ಟು, ಯುದ್ಧ ಮುಗಿದ ಮೇಲೆ ಒಂದಿಷ್ಟು, ಒಟ್ಟು ಇಪ್ಪತ್ಮೂರು ಅರ್ಜಿ ಬರೆದಿದ್ದಾರೆ. ಒಂಬತ್ತು ಜನಕ್ಕೆ ಪರ್ಮಿಟ್ ಬಂದಿದೆ. ಐದು ಜನಕ್ಕೆ ಇಲ್ಲವೆಂದು ಬಂದಿದೆ. ಉಳಿದ ಒಂಬತ್ತಕ್ಕೆ ಏನೂ ಬಂದಿಲ್ಲ. ಇಂದಿನ ಅಂಬಪ್ಪನದು ಇಪ್ಪತ್ನಾಲ್ಕನೆಯದು.

“ಮೊದಲ ಹಿಂಗಿರಲಿಲ್ರೀ,” ಎನ್ನುತ್ತಾರೆ ಆದೆಪ್ಪನವರು. “ಮೇಸ್ತ್ರಿ ಬರ್ತಿದ್ದ, ಹೆಸರು ಕೂಗ್ತಿದ್ದ, ಮಂದೀನ್ನ ಕುರಿ ಹಂಗ ಹಡಗಿಗೆ ತುಂಬ್ತಿದ್ದ. ನೀ ಯಾವಾಗ ಹುಟ್ಟಿ ಅಂತ ಯಾರೂ ಕೇಳ್ತಿದ್ದಿಲ್ಲ. ಈಗ ದುಡಿಯಾಕ ಹೊಂಟವಗ ಬ್ಯಾರೆ ಬಾಗಿಲು, ನೋಡಾಕ ಹೊಂಟವಗ ಬ್ಯಾರೆ ಬಾಗಿಲು. ದುಡಿಯೋ ಬಾಗಿಲು ಮುಚ್ಚಿದಂಗ ಐತಿ. ನೋಡೋ ಬಾಗಿಲಿಗೆ ಕಾಗದ ಬೇಕು.”

ಆ ಬಾಗಿಲಿಗೆ ಬೇಕಾದ ಕಾಗದಗಳನ್ನು ಅವರು ಬೆರಳು ಮಡಚಿ ಹೇಳುತ್ತಾರೆ. ಹಡಗು ಹತ್ತುವ ಮೊದಲೇ ಪರ್ಮಿಟ್ ಕೈಯಲ್ಲಿರಬೇಕು. ಯಾರನ್ನು ನೋಡಲು ಹೋಗುವುದು, ಅವರು ಏನಾಗಬೇಕು, ಎಷ್ಟು ತಿಂಗಳು ಇರುವುದು, ಅಲ್ಲಿ ಕೂಲಿ ನಾಲಿ ಮಾಡುವುದಿಲ್ಲವಷ್ಟೆ, ಎಲ್ಲವನ್ನೂ ಬರೆದುಕೊಡಬೇಕು. ಬಂದವರನ್ನು ತಿರುಗಿ ಕಳಿಸುತ್ತೇನೆಂದು ಅಲ್ಲಿರುವ ಒಬ್ಬರು ಜಾಮೀನು ನಿಲ್ಲಬೇಕು. ಮೂರು ಫೋಟೋ ಬೇಕು. ಫೋಟೋ ತೆಗೆಯುವವರು ರಾಯಚೂರಿಗೆ ಹೋಗದೆ ಸಿಗುವುದಿಲ್ಲ. ಊರಿನ ಪಟೇಲರ ದಾಖಲೆ, ಪೊಲೀಸ್ ಅಮೀನರ ದಾಖಲೆ, ಸಿಡುಬಿನ ಚುಚ್ಚುಮದ್ದು ಹಾಕಿಸಿಕೊಂಡ ದವಾಖಾನೆಯ ಚೀಟಿ. ಹಡಗಿನ ದಿನಕ್ಕೆ ಆ ಚೀಟಿ ಹಳತಾಗಿರಬಾರದು.

ತೊಡಕು ಇರುವುದು ಇಲ್ಲಿ. ಪಟೇಲರೂ ಅಮೀನರೂ ದವಾಖಾನೆಯವರೂ ಬರೆಯುವುದು ಫಸಲಿ ತಾರೀಖು. ಕಡಲಿನ ಆಚೆಯವರಿಗೆ ಬೇಕಾದದ್ದು ಇಂಗ್ಲಿಷ್ ತಾರೀಖು. ನಡುವೆ ಕುಳಿತು ಒಂದನ್ನು ಇನ್ನೊಂದಾಗಿ ಮಾಡುವವರು ಈ ಮೂರು ತಾಲೂಕಿಗೆ ಆದೆಪ್ಪನವರೊಬ್ಬರೇ. ಬರೆದಾದ ಮೇಲೆ ಟಪಾಲಿನದು ಮತ್ತೊಂದು ಚಿಂತೆ. ನಮ್ಮ ರಾಜ್ಯದ ಟಿಕೆಟ್ಟು ಹಚ್ಚಿದ ಕಾಗದ ರಾಜ್ಯದೊಳಗೇ ಉಳಿಯುತ್ತದೆ. ಹೊರದೇಶಕ್ಕೆ ಹೋಗುವ ಕಾಗದಕ್ಕೆ ಇಂಗ್ಲಿಷ್ ಟಪಾಲು ಹಿಡಿಯಬೇಕು. ಯಾರಾದರೂ ರಾಯಚೂರಿಗೆ ಹೋಗುವವರ ಕೈಯಲ್ಲಿ ಕೊಟ್ಟು, ಅವರು ಅದನ್ನು ಮರೆಯದೆ ಹಾಕಿದರೆಂದು ತಿಳಿಯುವವರೆಗೆ ಇವರಿಗೆ ಅನ್ನ ರುಚಿಸುವುದಿಲ್ಲ.

ಕಟ್ಟೆಯ ಇನ್ನೊಂದು ತುದಿಯಲ್ಲಿ ಬೀಗ, ಛತ್ರಿ ದುರಸ್ತಿ ಮಾಡುವ ಹಾಜಿಸಾಬರು ಕೂರುತ್ತಾರೆ. ಈ ಬೀದಿಯಲ್ಲಿ ಹಡಗು ಹತ್ತಿದ ಮನುಷ್ಯ ಅವರೊಬ್ಬರೇ. ಮುಂಬಯಿಯಿಂದ ಹಜ್ ಯಾತ್ರೆಗೆ ಹೋದಾಗ ಹನ್ನೊಂದು ದಿನ ವಾಂತಿ ಮಾಡಿಕೊಂಡದ್ದು ಅವರ ವಿದ್ಯೆ. ರಂಗೂನಿಗೆ ಹೋಗುವವರಿಗೆಲ್ಲ ಲಿಂಬೆ ಉಪ್ಪಿನಕಾಯಿ, ಚುರುಮುರಿ ಕಟ್ಟಿಕೊಳ್ಳಲು ಹೇಳುತ್ತಾರೆ, ಹಡಗಿನಲ್ಲಿ ಯಾವ ಕಡೆ ತಲೆ ಇಟ್ಟು ಮಲಗಬೇಕೆಂದು ತೋರಿಸಿಕೊಡುತ್ತಾರೆ. ಆದೆಪ್ಪನವರನ್ನು ಕಂಡರೆ ಅವರಿಗೆ ಒಂದು ಮಾತು ಆಡದೆ ಇರಲಾಗುವುದಿಲ್ಲ.

“ಈ ಮನಿಷ್ಯಾ ಆ ಕಡಿ ಕೃಷ್ಣಾ ದಾಟಿಲ್ಲ, ಈ ಕಡಿ ತುಂಗಭದ್ರಾ ದಾಟಿಲ್ಲ. ಸಮುದ್ರದ ಕಾಯ್ದೆ ಹೇಳ್ತಾನ ನೋಡ್ರಿ.”

ಆದೆಪ್ಪನವರು ಟಾಕನ್ನು ಮಸಿಯಲ್ಲಿ ಅದ್ದುತ್ತಾರೆ. ಅದು ನಿಜವೇ. ಎರಡು ಹೊಳೆಗಳ ನಡುವಿನ ಈ ನೆಲವನ್ನು ಅವರು ಬಿಟ್ಟುಹೋದದ್ದಿಲ್ಲ. ಮನೆಯಲ್ಲಿ ಹೆಂಡತಿ ಕಸ್ತೂರೆಮ್ಮನ ದೂರು ಬೇರೆ: ಊರ ಮಂದಿಯನ್ನೆಲ್ಲ ರಂಗೂನಿಗೆ ಕಳಿಸುವ ಗಂಡನಿಗೆ ತನ್ನನ್ನು ತವರಿಗೆ ಕಳಿಸಲು ಒಂದು ಗಾಡಿ ಹೊಂದಿಸಲು ಆಗಿಲ್ಲ. ಅವರ ಕಣ್ಣಿಗೆ ರಾತ್ರಿ ಹರಳೆಣ್ಣೆ ಹಚ್ಚುವಾಗ, ಇನ್ನು ಸಾಕು ಬಿಡ್ರಿ ಎಂದೂ ಆಕೆಯೇ ಹೇಳುತ್ತಾರೆ. ಬಿಡುವ ಮನಸ್ಸು ಹೋದ ಬೇಸಗೆಯವರೆಗೆ ಅವರಿಗೂ ಇತ್ತು. ಯಮನಮ್ಮನ ಅರ್ಜಿಯ ಬಗ್ಗೆ ರಂಗೂನಿನಿಂದ ಕಾಗದ ಬಂದ ಮೇಲೆ ಬಿಡಲಾಗಲಿಲ್ಲ.

ಯಮನಮ್ಮ ಮುಕ್ಕುಂದದವರು. ಹೊಳೆಯ ದಂಡೆಯ ತುಂಡು ಹೊಲ, ಎರಡು ಎಮ್ಮೆ. ಗಂಡ ಇಲ್ಲ, ಮಕ್ಕಳೂ ಇಲ್ಲ. ತಮ್ಮ ಕನಕರಾಯ ಒಬ್ಬರೇ. ತಾಯಿ ಹೊಲಕ್ಕೆ ಹೋದರೆ ಆ ಕೂಸನ್ನು ಸೊಂಟದ ಮೇಲೆ ಹೊತ್ತು ತಿರುಗಿದವರು ಈ ಅಕ್ಕ. ಹದಿನೇಳು ವರ್ಷದ ಹಿಂದೆ ತೆಲುಗು ಮೇಸ್ತ್ರಿಯೊಬ್ಬನ ಜೊತೆ ಕನಕರಾಯ ರಂಗೂನಿನ ಅಕ್ಕಿ ಗಿರಣಿಗೆ ಹೋದರು. ಯುದ್ಧ ಬಂದು, ಅಲ್ಲಿಂದ ಜನ ಕಾಡು ಗುಡ್ಡ ಹಾಯ್ದು ನಡೆದು ಬಂದರಲ್ಲ, ಆ ವರ್ಷ ಅವರು ಬರಲಿಲ್ಲ. ಊರಿನವರು ಕರ್ಮ ಮಾಡಿಬಿಡು ಎಂದರು. ಯಮನಮ್ಮ ಒಪ್ಪಲಿಲ್ಲ. ನಾಲ್ಕು ವರ್ಷ ಸತ್ತವನ ಅಕ್ಕ ಎನ್ನಿಸಿಕೊಂಡು ಓಡಾಡಿದರು.

ಕಳೆದ ದೀಪಾವಳಿಯ ಮುಂದೆ ಕನಕರಾಯರ ಕಾಗದ ಬಂತು. ಬದುಕಿದ್ದರು, ಗಿರಣಿಯ ಹತ್ತಿರ ಚಹದ ಅಂಗಡಿ ಇಟ್ಟುಕೊಂಡಿದ್ದರು. ಆದರೆ ಹೊಟ್ಟೆಯಲ್ಲಿ ನೀರು ತುಂಬಿಕೊಳ್ಳುತ್ತದೆ, ತೆಗೆಸಿದರೆ ಮತ್ತೆ ತುಂಬುತ್ತದೆ, ಹಡಗು ಹತ್ತುವ ತ್ರಾಣ ಇಲ್ಲ, ನೀನೇ ಒಮ್ಮೆ ಬಂದು ಹೋಗು ಎಂದು ಬರೆದಿದ್ದರು. ಆ ಕಾಗದ ಹಿಡಿದು ಯಮನಮ್ಮ ಸಿಂಧನೂರಿಗೆ ನಡೆದು, ಅಲ್ಲಿಂದ ಮಸ್ಕಿಯ ಮೇಲೆ ಮೋಟಾರಿನಲ್ಲಿ ಲಿಂಗಸುಗೂರಿಗೆ ಬಂದು, ಈ ಕಟ್ಟೆಯ ಮೇಲೆ ಕೂತರು.

ಅವರನ್ನೂ ಆದೆಪ್ಪನವರು ಅದೇ ಪ್ರಶ್ನೆ ಕೇಳಿದ್ದರು. ಹುಟ್ಟಿದಾಗ ಹೊಲದಲ್ಲಿ ಏನಿತ್ತು ಎಂದು.

“ಏನೂ ಇರಲಿಲ್ಲ,” ಎಂದರು ಯಮನಮ್ಮ.

ಅಷ್ಟರಿಂದಲೇ ವರ್ಷ ತಿಳಿಯಿತು. ಈ ಸೀಮೆಯಲ್ಲಿ ಹೊಲದಲ್ಲಿ ಏನೂ ಇಲ್ಲದ ವರ್ಷ ಹದಿಮೂರುನೂರ ಒಂಬತ್ತು, ದೊಡ್ಡ ಬರದ ವರ್ಷ. ತಿಂಗಳು ಮಾತ್ರ ಸಿಗಲೊಲ್ಲದು. ಬೆಳೆಯೇ ಇಲ್ಲದ ಮೇಲೆ ತಿಂಗಳನ್ನು ಯಾವುದಕ್ಕೆ ಕಟ್ಟುವುದು? ಹಡೆಯುವ ಹಿಂದಿನ ದಿನ ತಾಯಿ ಹುಣಸೆ ಬೀಜ ಹುರಿದು ತಿಂದಿದ್ದಳೆಂದು ಕೇಳಿದ್ದು ಯಮನಮ್ಮನಿಗೆ ನೆನಪಾಯಿತು. ಹುಣಸೆ ಬಡಿಯುವ ಕಾಲ, ಅಂದರೆ ಮಾರ್ಚ್. ಅರ್ಜಿಯಲ್ಲಿ ಹತ್ತೊಂಬತ್ತುನೂರು, ಮಾರ್ಚ್ ಎಂದು ಸರಿಯಾಗಿಯೇ ಬರೆದರು. ಮುಕ್ಕುಂದದ ಪಟೇಲರ ಉರ್ದು ದಾಖಲೆಯಲ್ಲಿಯೂ ಆಕೆ ಹದಿಮೂರುನೂರ ಒಂಬತ್ತರಲ್ಲಿ ಹುಟ್ಟಿದವರೆಂದು ಇತ್ತು. ಅದರ ಇಂಗ್ಲಿಷ್ ಪ್ರತಿ ಮಾಡುವಾಗ ಆದೆಪ್ಪನವರು ಆ ಅಂಕಿಯನ್ನು ಇದ್ದ ಹಾಗೆಯೇ ಇಳಿಸಿದರು. ಈ ವರ್ಷದ ಮಾರ್ಚ್ ತಿಂಗಳಲ್ಲಿ ಕಾಗದ ಹೋಯಿತು.

ಮೂರು ತಿಂಗಳು ಯಾವ ಸುದ್ದಿಯೂ ಇಲ್ಲ. ಜೂನಿನಲ್ಲಿ ಕನಕರಾಯರದೇ ಒಂದು ಕಾಗದ ಆದೆಪ್ಪನವರ ವಿಳಾಸಕ್ಕೆ ಬಂತು. ಹಾಸಿಗೆ ಬಿಟ್ಟು, ಇಬ್ಬರ ಭುಜ ಹಿಡಿದು, ಅಲ್ಲಿಯ ಕಚೇರಿಗೆ ಹೋಗಿ ವಿಚಾರಿಸಿದ್ದರು. ಅರ್ಜಿ ತಡೆಹಿಡಿದ ಕಾರಣ ಅಲ್ಲಿ ತಿಳಿಯಿತು. ಬರ್ಮಾದವರಿಗೂ ಅವರದೇ ಒಂದು ವರ್ಷದ ಲೆಕ್ಕವಿದೆ. ಅವರ ಹದಿಮೂರುನೂರ ಒಂಬತ್ತು ಶುರುವಾದದ್ದು ಈ ವರ್ಷದ ಏಪ್ರಿಲ್‌ನಲ್ಲಿ. ಅರ್ಜಿಯ ಒಂದು ಕಡೆ ನಲವತ್ತೇಳು ವರ್ಷದ ಹೆಂಗಸು. ಅದಕ್ಕೆ ಹಚ್ಚಿದ ದಾಖಲೆಯಲ್ಲಿ ಈ ವರ್ಷ ಹುಟ್ಟಿದ ಕೂಸು. ಅದೂ ಅರ್ಜಿ ಬರೆದ ಮೇಲೆ ಹುಟ್ಟಿದ್ದು. ಇಬ್ಬರಲ್ಲಿ ಬರುವವರು ಯಾರು ಎಂದು ಗುಮಾಸ್ತ ಕೇಳಿದನಂತೆ. ಕಾಯಿದೆ ಇನ್ನೂ ಬಿಗಿಯಾಗುತ್ತಿದೆ, ಬೇಗ ಸರಿಮಾಡಿ ಕಳಿಸಿರಿ, ನನಗೆ ಹೊತ್ತು ಕಡಿಮೆ ಇದೆ ಎಂದು ಕೊನೆಯ ಸಾಲು.

ರಂಗೂನಿನ ಅರ್ಜಿಗಳಿಗೆ ಮಾತ್ರ ಆದೆಪ್ಪನವರು ನಕಲು ಇಟ್ಟುಕೊಳ್ಳುತ್ತಾರೆ. ಪೆಟ್ಟಿಗೆಯ ತಳದಿಂದ ಯಮನಮ್ಮನ ನಕಲು ತೆಗೆದು ನೋಡಿದರು. ಹದಿಮೂರುನೂರ ಒಂಬತ್ತು, ಮುಂದೆ ಏನೂ ಇಲ್ಲ. ಫಸಲಿ ಎಂಬ ಮೂರಕ್ಷರ ಅಲ್ಲಿ ಇರಲಿಲ್ಲ. ಈ ನೆಲದಲ್ಲಿ ಹದಿಮೂರುನೂರು ಎಂದರೆ ಯಾರೂ ಯಾವ ಹದಿಮೂರುನೂರು ಎಂದು ಕೇಳುವುದಿಲ್ಲ. ಪಟೇಲರು ಬರೆದಿರಲಿಲ್ಲ, ಇವರಿಗೂ ಬರೆಯಬೇಕೆನಿಸಿರಲಿಲ್ಲ. ಆ ದಿನ ಉಳಿದ ಗಿರಾಕಿಗಳನ್ನು ನಾಳೆ ಬರ್ರಿ ಎಂದು ಕಳಿಸಿಬಿಟ್ಟರೆಂದು ಹಾಜಿಸಾಬರು ಹೇಳುತ್ತಾರೆ. ಹಾಜಿಸಾಬರಿಗೆ ಗೆಳೆಯನ ಮುಖ ನೋಡಲಾಗಲಿಲ್ಲ.

“ತಪ್ಪು ಸರಕಾರದ ಮ್ಯಾಲ ಹಾಕಿಬಿಡು,” ಎಂದರು. “ಸರಕಾರ ಏನು ಬಂದು ನಂದಲ್ಲ ಅಂತೈತೇನು?”

“ಅಕ್ಷರ ನಂದೈತಿ, ಹಾಜಿಸಾಬ್ರ,” ಎಂದರು ಆದೆಪ್ಪನವರು.

ಮುಕ್ಕುಂದಕ್ಕೆ ಹೇಳಿಕಳಿಸಿದ ನಾಲ್ಕನೆಯ ದಿನ ಯಮನಮ್ಮ ಬಂದರು. ಪರ್ಮಿಟ್ ಬಂದಿದೆ ಎಂದುಕೊಂಡೇ ಬಂದಿದ್ದರು. ಬಗಲಲ್ಲಿ ಗಂಟು ಇತ್ತು. ಆದೆಪ್ಪನವರು ಅವರನ್ನು ಕೂರಿಸಿ, ನೀರು ಕೊಟ್ಟು, ನಕಲನ್ನು ಮುಂದಿಟ್ಟು, ಓದು ಬಾರದ ಹೆಂಗಸಿಗೆ ಆ ಅಂಕಿಯ ಮೇಲೆ ಬೆರಳಿಟ್ಟು ತೋರಿಸಿದರು.

“ತಂಗೀ, ತಪ್ಪು ಅಲ್ಲೀದಲ್ಲ. ನಂದು. ಒಂದು ಮಾತು ಬರೀಬೇಕಿತ್ತು, ಬರೀಲಿಲ್ಲ. ಅವರ ಲೆಕ್ಕದಾಗ ನೀ ಇನ್ನಾ ಎದಿಹಾಲು ಕುಡಿಯೋ ಕೂಸು.”

ಯಮನಮ್ಮ ಬಗಲಿನ ಗಂಟನ್ನು ಕೆಳಗಿಟ್ಟರು.

“ಅಂವ ಕೂಸಿದ್ದಾಗ ನಾ ಹೊತ್ತು ತಿರುಗೀನಿ,” ಎಂದರು. “ಈಗ ನನ್ನ ಕೂಸು ಮಾಡಿ ಕುಂದ್ರಿಸೀರಿ. ಮೂರು ತಿಂಗಳು ಹೋತು ಅಣ್ಣಾರ. ಅವನ ಹತ್ರ ಇನ್ನ ಎಷ್ಟು ಮೂರು ತಿಂಗಳದಾವ?”

ಆದೆಪ್ಪನವರು ಹೊಸ ಹಾಳೆ ತೆಗೆದರು. ಮತ್ತೆ ಬರೆದುಕೊಡುತ್ತೇನೆ ಎಂದರು. ಬರೆದರಷ್ಟೇ ಆಗಲಿಲ್ಲ ಎಂದರು ಯಮನಮ್ಮ. “ಕೂಸಿನ್ನ ಒಂದನ್ನ ಕಳಸ್ತೀರೇನು? ದೊಡ್ಡವರು ಯಾರರ ಜೊತಿಗೆ ಬೇಕಲ್ಲ. ರಾಯಚೂರ ತನಕ ನೀವ ಬರ್ರಿ.” ಚೇಷ್ಟೆಯ ಮಾತಿನಂತಿದ್ದರೂ ಅವರ ಮುಖದಲ್ಲಿ ಚೇಷ್ಟೆ ಇರಲಿಲ್ಲ.

ಮುಂದಿನ ಮೂರು ವಾರ ಆ ಒಂದು ಅರ್ಜಿಯ ಹಿಂದೆಯೇ ಹೋದವು. ಚುಚ್ಚುಮದ್ದಿನ ಚೀಟಿ ಹಳತಾಗಿತ್ತು. ಯಮನಮ್ಮ ಮತ್ತೆ ದವಾಖಾನೆಗೆ ಹೋಗಿ, ನಿಮ್ಮ ತಪ್ಪಿಗೆ ನನ್ನ ತೋಳು ಊದಬೇಕು ಎಂದು ಬಾವು ಬಂದ ತೋಳನ್ನು ಆದೆಪ್ಪನವರಿಗೆ ತೋರಿಸಿಯೇ ಊರಿಗೆ ಮರಳಿದರು. ಪಟೇಲರಿಂದ ಹೊಸ ದಾಖಲೆ, ಅದರಲ್ಲಿ ಫಸಲಿ ಎಂಬ ಮಾತು, ಅದರ ಮುಂದೆ ಇಂಗ್ಲಿಷ್ ವರ್ಷ. ಆದೆಪ್ಪನವರು ಪ್ರತಿ ತಾರೀಖಿಗೂ ಇದು ಯಾವ ಲೆಕ್ಕದ್ದು ಎಂದು ಬರೆದರು. ಹೈದರಾಬಾದ್ ರಾಜ್ಯದಲ್ಲಿ ಫಸಲಿ ಎಂಬ ವರ್ಷ ನಡೆಯುತ್ತದೆ, ಅದು ಇಂಗ್ಲಿಷ್ ವರ್ಷಕ್ಕಿಂತ ಐನೂರ ತೊಂಬತ್ತು ಚಿಲ್ಲರೆ ಕಡಿಮೆ ಎಂದು ಬೇರೆ ಹಾಳೆಯಲ್ಲಿ ವಿವರಿಸಿದರು. ಆ ಹಾಳೆಯನ್ನು ಆರು ಸಲ ಹರಿದು ಏಳನೆಯ ಸಲ ಬರೆದದ್ದು. ಈ ಅಡುಗೆಮನೆಯ ಇಂಗ್ಲಿಷ್ ಅಲ್ಲಿಯವರಿಗೆ ತಿಳಿಯುತ್ತದೋ ಇಲ್ಲವೋ ಎಂಬ ಅನುಮಾನ ಅವರಿಗೆ ಈಗಲೂ ಇದೆ.

ಕೊನೆಗೆ ವಿಳಾಸದ ಪ್ರಶ್ನೆ ಉಳಿಯಿತು. ಪರ್ಮಿಟ್ ಬಂದರೂ ಅದರ ಅವಧಿ ಕಡಿಮೆ. ರಂಗೂನಿನಿಂದ ಲಿಂಗಸುಗೂರಿಗೆ, ಇಲ್ಲಿಂದ ಮುಕ್ಕುಂದಕ್ಕೆ ತಲುಪುವಷ್ಟರಲ್ಲಿ ಅರ್ಧ ಅವಧಿ ದಾರಿಯಲ್ಲೇ ಕಳೆಯುತ್ತದೆ. ಮದರಾಸಿನ ಬಂದರದ ಹತ್ತಿರ ಮುಕ್ಕುಂದದ ಮಾರೆಮ್ಮ ಎಂಬಾಕೆ ಮಂಡಿಯೊಂದರಲ್ಲಿ ಅಕ್ಕಿ ಹಸನು ಮಾಡುವ ಕೆಲಸದಲ್ಲಿದ್ದಾರೆ. ಪರ್ಮಿಟ್ ಅವರ ವಿಳಾಸಕ್ಕೆ ಬರಲಿ, ನಾನು ಅಲ್ಲೇ ಹೋಗಿ ಕಾಯುತ್ತೇನೆ ಎಂದರು ಯಮನಮ್ಮ. ಬಾರದಿದ್ದರೆ ಏನು ಮಾಡುತ್ತೀ ಎಂದು ಆದೆಪ್ಪನವರು ಕೇಳಿದ್ದಕ್ಕೆ, ಇಲ್ಲಿ ಕಾಯುವುದೂ ಕಾಯುವುದೇ, ಅಲ್ಲಿ ಹಡಗಾದರೂ ಕಾಣುತ್ತದೆ ಎಂದರು. ಎಮ್ಮೆಗಳನ್ನು ನೆರೆಯವರಿಗೆ ಒಪ್ಪಿಸಿದರು. ಹೊಲ ಈ ಸಲ ಬಿತ್ತಲಿಲ್ಲ.

ಆಷಾಢದ ಒಂದು ಬೆಳಿಗ್ಗೆ ಇಬ್ಬರೂ ರಾಯಚೂರಿನ ಮೋಟಾರು ಹತ್ತಿದರು. ಬೇರೆಯವರ ಕೈಗೆ ಕೊಡದೆ ಆದೆಪ್ಪನವರೇ ಇಂಗ್ಲಿಷ್ ಟಪಾಲು ಕಚೇರಿಯಲ್ಲಿ ಲಕೋಟೆಯನ್ನು ರಿಜಿಸ್ಟರ್ ಮಾಡಿಸಿ ರಸೀದಿ ಪಡೆದರು. ಮಧ್ಯಾಹ್ನ ಸ್ಟೇಷನ್ನಿನಲ್ಲಿ ಮದರಾಸಿನ ಕಡೆಯ ಗಾಡಿ ನಿಂತಾಗ, ಯಮನಮ್ಮನ ಗಂಟಿನಲ್ಲಿ ನಕಲಿನ ಕಟ್ಟನ್ನು ತಾವೇ ಇಟ್ಟು, ಯಾರು ಕೇಳಿದರೂ ಇದನ್ನು ತೋರಿಸು, ಬಾಯಿಂದ ವರ್ಷ ಹೇಳಬೇಡ ಎಂದರು. ಹೆಂಗಸರ ಡಬ್ಬಿಯಲ್ಲಿ ಜಾಗ ಸಿಕ್ಕಿತು. ಗಾಡಿ ಹೊರಡುವಾಗ ಯಮನಮ್ಮ ಕಿಟಕಿಯಿಂದ ಹೇಳಿದ್ದು ಒಂದೇ ಮಾತು. ಹೊಟ್ಟೆಗೆ ಏನಾದರೂ ತಿಂದು ಊರಿಗೆ ಹೋಗ್ರಿ ಅಣ್ಣಾರ, ಬೆಳಿಗ್ಗೆಯಿಂದ ಬರೇ ಹೊಟ್ಟೆಯಲ್ಲಿದ್ದೀರಿ.

ಅದಾಗಿ ಐದು ವಾರವಾಗಿದೆ. ಬಿಸಿಲು ಕಟ್ಟೆಗೆ ಬಂದಿದೆ. ಅಂಬಪ್ಪನ ಅರ್ಜಿ ಮುಗಿದು, ಒಣಗಲು ಮರಳು ಚಿಮುಕಿಸಿದೆ. ಆದೆಪ್ಪನವರು ಅದನ್ನು ಕಣ್ಣಿಗೆ ಅಂಟಿಸಿಕೊಂಡಂತೆ ಹಿಡಿದು ಮೂರನೆಯ ಸಲ ಓದುತ್ತಾರೆ. ಮೊದಲು ಒಂದು ಸಲ ಓದುತ್ತಿದ್ದರು. ಅಂಬಪ್ಪ ಆಕಳಿಸುತ್ತಾರೆ, ಮೋಟಾರಿನ ಹೊತ್ತಾಯಿತು ಎನ್ನುತ್ತಾರೆ. ಇವರು ಕೇಳಿಸಿಕೊಳ್ಳುವುದಿಲ್ಲ. ಇನ್ನು ಎಷ್ಟು ವರ್ಷ ಈ ಕೆಲಸ ಎಂದು ಕೇಳಿದರೆ, ಕಣ್ಣು ಇರುವ ತನಕ ಎನ್ನುತ್ತಾರೆ; ಇನ್ನೊಬ್ಬರು ಕಲಿತರೆ ನಾಳೆಯೇ ಬಿಡುತ್ತೇನೆ ಎಂದೂ ಸೇರಿಸುತ್ತಾರೆ. ಕಲಿಯಲು ಯಾರೂ ಬಂದಿಲ್ಲ.

ಅವರಿಗೆ ಏನಾದರೂ ಆಸೆ ಇದೆಯೇ ಎಂದು ಕೇಳಿದ್ದಕ್ಕೆ ತುಸು ನಾಚಿಕೊಂಡರು. ಟಾಕು ಒರೆಸುತ್ತ, ಮುಖ ತಗ್ಗಿಸಿಯೇ ಹೇಳಿದರು.

“ಒಂಬತ್ತು ಮಂದಿ ಹೋಗ್ಯಾರ್ರೀ. ಒಬ್ಬರೂ ಕಾಗದ ಬರದಿಲ್ಲ. ಬರೀಬಾರದು ಅಂತಲ್ಲ, ನೆನಪಾಗಂಗಿಲ್ಲ, ನಾ ಏನು ಅವರ ಬಳಗ ಅಲ್ಲ. ಆದ್ರ ಈ ಸಲ ಒಂದ ಕಾರ್ಡು ಬರಬೇಕು. ಮುಟ್ಟೀನಿ ಅಂತ ಒಂದ ಮಾತು ಸಾಕು. ತಾರೀಖು ಬ್ಯಾಡ.”

ಪರ್ಮಿಟ್ ಮದರಾಸಿಗೆ ಬಂದಿತೋ ಇಲ್ಲವೋ ತಿಳಿಯದು. ಯಮನಮ್ಮ ಹಡಗು ಹತ್ತಿದ್ದಾರೋ, ಬಂದರದಲ್ಲೇ ಕಾಯುತ್ತಿದ್ದಾರೋ ತಿಳಿಯದು. ಮಾರೆಮ್ಮನ ವಿಳಾಸಕ್ಕೆ ಎರಡು ಕಾಗದ ಬರೆದು ಕೇಳಲಾಯಿತು, ಉತ್ತರ ಬಂದಿಲ್ಲ. ರಂಗೂನಿನಲ್ಲಿ ಕನಕರಾಯ ಇದ್ದಾರೆಯೇ ಎಂಬುದನ್ನು ಹೇಳಬಲ್ಲವರು ಈ ಮೂರು ತಾಲೂಕಿನಲ್ಲಿ ಯಾರೂ ಸಿಗಲಿಲ್ಲ.